ಏಳನೇ ಬಸ್ಸಿನ ಕೆಂಪು ಧೂಳು

ಬ್ರೇಕಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಶಿವಮೊಗ್ಗದಲ್ಲಿ ಹುಟ್ಟಿಲ್ಲವೆಂದು ಅರವತ್ತೆರಡನೇ ಇಸವಿಯವರೆಗೂ ನಂಬಿದ್ದೆ. ಮಲವಗೊಪ್ಪದ ಬಸ್ ವರ್ಕ್‌ಶಾಪಿಗೆ ನಾನೇ ಮೇಸ್ತ್ರಿ. ಆ ವರ್ಷ ಏಳನೇ ನಂಬರಿನ ಬಸ್ಸಿಗೆ ಹೊಸ ಜಾತಿಯ ಲೈನಿಂಗ್ ಹಾಕಿದ್ದೆ. ಚಕ್ರದ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿದು ಬಸ್ಸು ನಿಲ್ಲಿಸುವ ಈ ಪಟ್ಟಿ ಬೇರೆ ಬಸ್ಸುಗಳಲ್ಲಿ ಮೂರೇ ತಿಂಗಳಿಗೆ ಸವೆಯುತ್ತಿತ್ತು. ಹೊಸದು ಐದು ತಿಂಗಳಾದರೂ ಕೂದಲೆಳೆಯಷ್ಟೂ ಸವೆದಿರಲಿಲ್ಲ. ವಾರಕ್ಕೊಮ್ಮೆ ಚಕ್ರದ ಹಿಂದಿನ ಕಿಂಡಿಯಿಂದ ಇಣುಕಿ ಅದರ ದಪ್ಪ ನೋಡಿ ಹಿಗ್ಗುತ್ತಿದ್ದೆ. ಸಿಕ್ಕವರಿಗೆಲ್ಲ ಹೇಳಿಕೊಂಡು ಮೆರೆದೆ.

ಹೈಸ್ಕೂಲಿನ ಹುಡುಗಿಯರು ಘಾಟಿ ಇಳಿದು ಸಮುದ್ರ ನೋಡಲು ಅದೇ ಬಸ್ಸಿನಲ್ಲಿ ಹೊರಡುವುದಿತ್ತು. ನನ್ನ ಮಗಳು ಜಯಶೀಲಾಳೂ ಇದ್ದಳು. ಹಿಂದಿನ ದಿನ ಬೆಳಿಗ್ಗೆ, ಬ್ರೇಕ್ ಸರಿಯಿದೆ ಎಂಬ ಚೀಟಿಗೆ ಸಹಿ ಹಾಕಲು ಪೆನ್ನು ತೆಗೆದೆ. ಕಸ ಗುಡಿಸುವ ದ್ಯಾಮಮ್ಮ ಮೊರ ಹಿಡಿದು ಎದುರಿಗೆ ನಿಂತಳು.

“ಮೇಸ್ತ್ರಿಗಳೇ, ಆ ಬಸ್ಸು ಕಳಿಸ್ಬೇಡಿ.”

“ಪೊರಕೆ ಬಿಟ್ಟು ಬ್ರೇಕ್ ಹೇಳ್ಕೊಡೋಕೆ ಬಂದ್ಯಾ ಮಾರಾಯ್ತಿ?” ಎಂದು ರೇಗಿದೆ.

ಅವಳು ಅಲ್ಲಾಡಲಿಲ್ಲ. ಮೊರದಲ್ಲಿ ಎರಡು ಗುಡ್ಡೆ ಧೂಳಿತ್ತು, ಒಂದು ಕಪ್ಪು, ಒಂದು ಕೆಂಪು.

“ದಿನಾ ಸಂಜೆ ನೀರು ಚಿಮುಕಿಸಿ ಬೆಳಿಗ್ಗೆ ಗುಡಿಸ್ತೀನಿ. ಬೇರೆ ಬಸ್ಸಿನ ಚಕ್ರದಿಂದ ಉದುರಿದ್ದು ಬೆಳಗಾದ್ರೂ ಕಪ್ಪಗೇ ಇರುತ್ತೆ. ಇದರದ್ದು ಹಿಂಗೆ ತುಕ್ಕು ಹಿಡಿಯುತ್ತೆ. ನಮ್ಮೆಜಮಾನ್ರು ಭದ್ರಾವತೀಲಿ ಕಬ್ಬಿಣ ಉಜ್ಜಿ ಬಂದಾಗ ಬಟ್ಟೆ ನೆನೆಸಿದ್ರೆ ನೀರು ಇದೇ ಬಣ್ಣ. ಪಟ್ಟಿ ಸವೀತಿಲ್ಲ ಅಂತೀರಲ್ಲ, ಹಂಗಾದ್ರೆ ಸವೀತಿರೋದು ಏನು?”

ಓಡಿಹೋಗಿ ಚಕ್ರ ಬಿಚ್ಚಿದೆ. ಪಟ್ಟಿ ಗಾಜಿನಂತೆ ಮಿರುಗುತ್ತಿತ್ತು. ಡ್ರಮ್ಮಿನ ಒಳಮೈಯಲ್ಲಿ ಉಗುರು ಮುಳುಗುವಷ್ಟು ಆಳದ ಗೀರುಗಳು, ಅಂಚಿನಲ್ಲೊಂದು ಬಿರುಕು. ಆ ಗಟ್ಟಿ ಪಟ್ಟಿ ತಾನು ಸವೆಯದೆ ಕಬ್ಬಿಣವನ್ನೇ ತಿಂದಿತ್ತು. ಹಾಗೇ ಕಳಿಸಿದ್ದರೆ ಘಾಟಿಯ ಎರಡನೇ ತಿರುವಿಗೆ ಡ್ರಮ್ಮು ಒಡೆಯುತ್ತಿತ್ತು.

ಸಂಜೆಯೊಳಗೆ ನಾಲ್ಕೂ ಚಕ್ರಕ್ಕೆ ಬೇರೆ ಡ್ರಮ್ಮು, ಹಳೆಯ ಮೆತ್ತನೆಯ ಪಟ್ಟಿ ಹಾಕಿದೆ. ಮೂರನೇ ದಿನ ಬಸ್ಸು ಬಂತು. ಜಯಶೀಲಾ ಕಪ್ಪೆಚಿಪ್ಪು ತೋರಿಸುತ್ತಾ ಇಳಿದಳು. ದ್ಯಾಮಮ್ಮ ಆಗಲೇ ಚಕ್ರದ ಕೆಳಗೆ ನೀರು ಚಿಮುಕಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ, ಧೂಳು ಕಪ್ಪಗಿತ್ತು.

ಇಪ್ಪತ್ತು ವರ್ಷ ಬ್ರೇಕಿನ ಕೆಲಸ ಮಾಡಿದ ನನಗೆ ಕಾಣದ್ದು ಅವಳಿಗೆ ಕಂಡಿತ್ತು. ಅಂದಿನಿಂದ ಘಾಟಿಗೆ ಹೋಗುವ ಪ್ರತಿ ಬಸ್ಸಿನ ಚೀಟಿಯ ಮೇಲೆ ಮೊದಲು ದ್ಯಾಮಮ್ಮನ ಹೆಬ್ಬೆಟ್ಟು ಬೀಳುತ್ತದೆ, ನನ್ನ ಸಹಿ ಅದರ ಕೆಳಗೆ.