ಒಗೆದುಹೋದ ಔಷಧಿ

ಲಾಂಡ್ರಿಯಿಂದ ಮಡಿಸಿ ಕೊಟ್ಟ ಬೆಡ್‌ಶೀಟಿನಿಂದ ಚಿಗಟ ಹಾರಿದರೆ ಯಾವ ಗಿರಾಕಿ ಸುಮ್ಮನಿರುತ್ತಾನೆ? ಪಕ್ಕದ ಬೀದಿಯ ದರ್ಜಿ ಶೀಟನ್ನು ತಂದು ಮೇಜಿನ ಮೇಲೆ ಹಾಕಿ, "ಒಗೆಯೋಕೆ ಕೊಟ್ಟಿದ್ದೆ, ಸಾಕೋಕಲ್ಲ" ಎಂದು ಹೇಳಿ ಹೊರಟುಹೋದ.

ಲಾಂಡ್ರಿ ಮನೆಯ ಸೊಸೆ ಅಂದೇ ಮನಸ್ಸು ಗಟ್ಟಿ ಮಾಡಿದಳು. "ಅತ್ತೆ, ಕಾಲರ್ ಇನ್ನು ಇಲ್ಲಿರೋದು ಬೇಡ. ಯಾರಿಗಾದ್ರೂ ಕೊಟ್ಬಿಡೋಣ."

ಕಾಲರ್ ಅವರ ನಾಯಿ. ಕತ್ತಿನ ಸುತ್ತ ಬಿಳಿ ಪಟ್ಟಿ ಇದ್ದುದರಿಂದ ಆ ಹೆಸರು. ಅತ್ತೆ ಇಸ್ತ್ರಿ ಮಾಡುವಾಗ ಅವರ ಪಾದಕ್ಕೆ ಒರಗಿ ಮಲಗುವುದೇ ಅದರ ಕೆಲಸ.

"ಒಂದು ವಾರ ಟೈಮ್ ಕೊಡೇ ತಾಯಿ. ಜಿಡ್ಡು, ಶಾಯಿ, ತುಕ್ಕು, ಯಾವ ಕಲೆ ನನ್ನ ಕೈಗೆ ಸಿಕ್ಕಿ ಉಳಿದಿದೆ?" ಎಂದರು ಅತ್ತೆ. ಸುಳ್ಳಲ್ಲ. ಆ ಬೀದಿಯಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ.

ಅಂಗಡಿಯಿಂದ ಚಿಗಟದ ಔಷಧಿ ತಂದು ನಾಯಿಯ ಬೆನ್ನಿಗೆ ಹಾಕಿದರು. ಮರುದಿನವೇ ಅದಕ್ಕೆ ಬಟ್ಟೆ ಸೋಪು ಹಚ್ಚಿ ಗಸಗಸ ತಿಕ್ಕಿ ತೊಳೆದರು. ಚಿಗಟ ಹೋಗಲಿಲ್ಲ. ಔಷಧಿಗೆ ಜೋರು ಸಾಲದು ಎಂದು ದೊಡ್ಡ ನಾಯಿಗೆ ಹಾಕುವ ಟ್ಯೂಬ್ ತಂದರು. ಮಿಕ್ಕಿದ್ದು ಮನೆಯ ಬೆಕ್ಕಿಗಾಗುತ್ತದೆ ಎನ್ನುತ್ತಾ ಮುಚ್ಚಳ ತಿರುಗಿಸುವಷ್ಟರಲ್ಲಿ, ಪಶು ಆಸ್ಪತ್ರೆಯ ನರ್ಸು ಒಗೆಯಬೇಕಾದ ಕೋಟುಗಳ ಗಂಟು ಹಿಡಿದು ಬಂದಳು.

"ಏನಮ್ಮ ಅದು?"

"ಚಿಗಟದ್ದು. ಮೊನ್ನೆ ಹಾಕಿದ್ದು ಎಲ್ಲಿ ಕೆಲಸ ಮಾಡ್ತು?"

"ಹಾಕಿದ್ಮೇಲೆ ಸ್ನಾನ ಮಾಡಿಸಿದ್ರಾ?"

"ದಿನಾ ಮಾಡಿಸ್ತೀನಿ. ಕೊಳಕು ಇಟ್ಕೊಳ್ಳೋಳಾ ನಾನು?"

ನರ್ಸು ನಕ್ಕಳು. "ಹಾಗಾದ್ರೆ ಔಷಧೀನೂ ಒಗೆದುಬಿಟ್ಟಿದ್ದೀರಿ. ಹಾಕೋ ಮುಂಚೆ ಎರಡು ದಿನ, ಆಮೇಲೆ ಎರಡು ದಿನ ಸ್ನಾನ ಬೇಡ ಅಂತ ಔಷಧಿ ಜೊತೆ ಬರೋ ಚೀಟೀಲೇ ಬರೆದಿರುತ್ತೆ. ಈಗ ಅದರ ಮೇಲೆ ದೊಡ್ಡ ನಾಯಿದನ್ನ ಸುರಿದ್ರೆ ಇವನಿಗೆ ಜೊಲ್ಲು, ವಾಂತಿ, ನಡುಕ ಬರಬಹುದು. ಜೀವಾನೇ ಹೋಗಬಹುದು. ಬೆಕ್ಕಿಗಂತೂ ಒಂದು ಹನೀನೂ ಬೇಡ. ನಾಯಿಗೆ ಹಾಕೋ ಎಷ್ಟೋ ಔಷಧಿ ಬೆಕ್ಕಿಗೆ ವಿಷ."

ಅತ್ತೆ ಮುಚ್ಚಳ ಬಿಗಿದು ಟ್ಯೂಬನ್ನು ದೂರ ಸರಿಸಿದರು. "ಹಾಗಾದ್ರೆ ಇವನನ್ನ ಕಳಿಸೋದೇನಾ?" ಎನ್ನುವಾಗ ದನಿ ಇಳಿದಿತ್ತು.

"ಯಾಕೆ ಕಳಿಸ್ತೀರಿ? ಆಸ್ಪತ್ರೆಗೆ ಕರ್ಕೊಂಡು ಬನ್ನಿ. ತೂಕ ನೋಡಿ, ಯಾವುದು, ಯಾವಾಗ ಅಂತ ಡಾಕ್ಟ್ರು ಹೇಳ್ತಾರೆ. ಆದ್ರೆ ಚಿಗಟದ ಮೊಟ್ಟೆ ನಾಯಿ ಮೈಮೇಲೆ ನಿಲ್ಲಲ್ಲ. ನಾಯಿ ಮಲಗೋ ಬಟ್ಟೇಲಿ, ನೆಲದ ಸಂದೀಲಿ ಉದುರಿರುತ್ತೆ. ಅದಕ್ಕೆ ಬಿಸಿನೀರಲ್ಲಿ ಹಾಸಿಗೆ ಒಗೀಬೇಕು, ಮೂಲೆಮೂಲೆ ಗುಡಿಸಬೇಕು. ಎಷ್ಟು ಹೇಳಿದ್ರೂ ಜನ ಅದೊಂದು ಮಾಡಲ್ಲ. ನೀವಾದ್ರೆ ನಾನು ಹೇಳೋದೇ ಬೇಡ."

ಅತ್ತೆಯ ಮುಖ ನೋಡಬೇಕಿತ್ತು. "ಅಂದ್ರೆ ಒಗೆಯೋದು ಸರಿ, ಒಗೆದ ಜಾಗಾನೇ ತಪ್ಪು ಅನ್ನು" ಎಂದರು.

ಡಾಕ್ಟರು ಕಾಲರ್‌ನ ತೂಕ ನೋಡಿ ಒಂದು ದಿನ ಗೊತ್ತುಮಾಡಿದರು; ಆ ದಿನ ಅದರ ಭುಜಗಳ ನಡುವೆ ಕೂದಲು ಬಿಡಿಸಿ ಚರ್ಮಕ್ಕೇ ಔಷಧಿ ಹಾಕಿದರು. ಒಣಗುವವರೆಗೆ ಸೊಸೆಯೇ ತನ್ನ ಮಕ್ಕಳನ್ನೂ ಬೆಕ್ಕನ್ನೂ ದೂರ ಇಟ್ಟಳು. ಅತ್ತೆ ನಾಯಿಯ ಹಾಸಿಗೆಯನ್ನು ವಾರವಾರ ಕುದಿನೀರಿಗೆ ಹಾಕಿ ಬಿಸಿಲಿಗೆ ಹರಡಿದರು. ಚಿಗಟ ಕಡಿಮೆಯಾಗುತ್ತಾ ಬಂದು ಒಂದು ದಿನ ಇಲ್ಲವೇ ಆಯಿತು. ಯಾರಿಗೂ ಹೇಳದೆ ಸೊಸೆ ಒಂದು ಹಳೆಯ ಕಂಬಳಿಗೆ ಅಂಚು ಹೊಲಿದು ಮೇಜಿನ ಕೆಳಗೆ ಹಾಸಿದಳು. "ಮಲ್ಕೊಳ್ಳಪ್ಪ, ನಿನ್ನ ಜಾಗ ನಿನಗೇ" ಎಂದಳು.

ನಿಮ್ಮ ಮನೆಯಲ್ಲೂ ನಾಯಿ ಇದೆಯೇ? ಔಷಧಿ ತರುವ ಮುಂಚೆ ಅದರ ತೂಕ ತಿಳಿದುಕೊಳ್ಳಿ. ಚೀಟಿ ಓದಿ, ಅಕ್ಷರ ಕಾಣದಿದ್ದರೆ ಓದಿಸಿಕೊಳ್ಳಿ. ಹಾಕಿದ ಮೇಲೆ ಕೈ ತೊಳೆಯಿರಿ. ನಾಯಿ ನಡುಗಿದರೆ, ಜೊಲ್ಲು ಸುರಿಸಿದರೆ ಕಾಯಬೇಡಿ. ಔಷಧಿಯ ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ತನಗೇನಾಗುತ್ತಿದೆ ಎಂದು ಅದು ಬಾಯಿಬಿಟ್ಟು ಹೇಳಲಾರದು. ಅದರ ಪರವಾಗಿ ಕೇಳಬೇಕಾದವರು ನೀವೇ.