ನೋಡದೆ ಹಾಕಿದ ಸಹಿ

ತಿಂಗಳ ಮೊದಲ ಭಾನುವಾರ ಯೋಗೇಶ ಕೈ ಚಾಚಿ ಬಂದು ನಿಲ್ಲುವುದು, ವಾಸಂತಿ ಸೆರಗು ಸರಿಮಾಡಿಕೊಂಡು ಗೋಡೆ ನೋಡುವುದು ಎರಡು ವರ್ಷದಿಂದ ತಪ್ಪದೆ ನಡೆದಿತ್ತು. ಕಾಶಿಯ ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ ಸೇರುವ ಐದು ಮನೆಯ ಕನ್ನಡ ಕ್ರೈಸ್ತರಲ್ಲಿ ಒಂದು ಪದ್ಧತಿ. ಪ್ರಾರ್ಥನೆಯ ಕೊನೆಗೆ ರೊಟ್ಟಿ ಮುರಿಯುವ ಮೊದಲು, ಯಾರ ಜೊತೆ ಮುನಿಸಿದೆಯೋ ಅವರ ಬಳಿಗೆ ಎದ್ದುಹೋಗಿ ಕೈ ಹಿಡಿಯಬೇಕು. ಹಿಡಿಯದವರಿಗೆ ರೊಟ್ಟಿಯಿಲ್ಲ. ಇಲ್ಲದಿದ್ದರೆ ಬೇಡ, ಮನೆಯಲ್ಲಿ ಚಪಾತಿ ಇದೆ ಎಂದುಕೊಳ್ಳುವಷ್ಟು ಉರಿ ಅವಳ ಹೊಟ್ಟೆಯಲ್ಲಿತ್ತು.

ಉರಿಗೆ ಕಾರಣವೂ ಇತ್ತು. ಅವಳ ಗಂಡ ಜಯವಂತ ಸರಕಾರಿ ಇಂಜಿನಿಯರ್ ಆಗಿದ್ದವನು. ನೀರಿನ ಟ್ಯಾಂಕಿನ ಏಣಿಯನ್ನು ಕಣ್ಣೆತ್ತಿಯೂ ನೋಡದೆ, ನೋಡಿದ್ದೇನೆ, ಗಟ್ಟಿಯಿದೆ ಎಂದು ಸಹಿ ಹಾಕಿದ್ದ. ಏಣಿ ಮುರಿದು ಕೂಲಿಯವನೊಬ್ಬ ಕಾಲು ಕಳೆದುಕೊಂಡ. ಯಾರ ತಪ್ಪೂ ಅಲ್ಲವೆಂದು ಕಚೇರಿ ಫೈಲು ಮುಚ್ಚಿತು. ಜಯವಂತನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಒಂದು ಭಾನುವಾರ ಪ್ರಾರ್ಥನೆಯಲ್ಲಿ ಎದ್ದು ನಿಂತು ಅಳುತ್ತ ಎಲ್ಲ ಹೇಳಿಕೊಂಡ. ಹದಿನೈದು ದಿನಕ್ಕೆ ಕಚೇರಿಗೆ ಹಿಂದಿಯಲ್ಲಿ ಮೂಗರ್ಜಿ ಬಂತು. ಅವನನ್ನು ಅಮಾನತು ಮಾಡಿದರು. ಮೂರು ತಿಂಗಳಿಗೆ ಎದೆ ಹಿಡಿದುಕೊಂಡು ಹೋಗಿಯೇಬಿಟ್ಟ. ಅವನ ಕುರ್ಚಿಯಲ್ಲಿ ಬಂದು ಕೂತವನು, ಅವತ್ತು ಪ್ರಾರ್ಥನೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಯೋಗೇಶ.

ಕುರ್ಚಿ ಸಿಕ್ಕವನೇ ಕಾಗದ ಬರೆದವನು, ಇದಕ್ಕೇನು ಪಂಚಾಯಿತಿ ಬೇಕೆ? ವಾಸಂತಿಗೆ ಬೇಕಿರಲಿಲ್ಲ. ಸಭೆಯ ಹಿರಿಯರಾದ ಮಂಜಪ್ಪನವರು ಒಮ್ಮೆ ಮನೆಗೆ ಬಂದು ಹೇಳಿ ನೋಡಿದರು.

"ಆದಾಮ ಆ ಹಣ್ಣು ತಿಂದಾಗಿಂದ ನಮಗ ಒಳ್ಳೇದು ಕೆಟ್ಟದ್ದು ತಿಳಿತೈತಿ, ಖರೆ ಐತವ್ವಾ. ಆದ್ರ ಇನ್ನೊಬ್ಬನ ಎದ್ಯಾಗ ಏನೈತಿ ಅನ್ನೂದು ತಿಳಿಯಾಂಗಿಲ್ಲ. ಅಷ್ಟು ದೊಡ್ಡ ಹಣ್ಣಲ್ಲ ಅದು."

"ನನಗ ತಿಳದೈತ್ರಿ ಅಣ್ಣಾರ. ನನ್ನ ಮನಸ್ಸಾಕ್ಷಿ ಹೇಳ್ತೈತಿ" ಎಂದು ವಾಸಂತಿ ಚಹದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಕಳೆದ ವರ್ಷ ಯೋಗೇಶನ ಮಗಳು ಮಾಲವಿಕಾಗೆ ಬೆಟಗೇರಿಯಿಂದ ಸಂಬಂಧ ಬಂದಿತ್ತು. ಗಂಡಿನ ತಾಯಿ ಫೋನ್ ಮಾಡಿ ವಿಚಾರಿಸಿದಾಗ ವಾಸಂತಿ ಹೆಚ್ಚೇನೂ ಹೇಳಲಿಲ್ಲ. "ಹುಡುಗಿ ಬಂಗಾರ ಬಿಡ್ರಿ. ಅವರಪ್ಪನ್ನ ನಂಬಿದ ಮನಿ ಮಾತ್ರ ಉದ್ಧಾರ ಆಗಿಲ್ಲ" ಎಂದಳು. ಸಂಬಂಧ ಮುರಿಯಿತು. ಅವತ್ತು ಅವಳು ಪಾಯಸ ಮಾಡಿಕೊಂಡು ಒಬ್ಬಳೇ ಕೂತು ತಿಂದಳು.

ಪಾಯಸಕ್ಕೆ ಆರುವ ಬೆಂಕಿಯೇ ಅದು? ಈಗ ಯೋಗೇಶನಿಗೆ ಬಡ್ತಿ ಬರುವ ಸುದ್ದಿಯಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಅವನ ಮೇಲೂ ಒಂದು ಮೂಗರ್ಜಿ ಹೋಗಬೇಕು ಎಂದು ಅವಳು ತೀರ್ಮಾನಿಸಿದಳು. ತರಕಾರಿ ಕೊಳ್ಳುವ ಹಿಂದಿ ಅವಳಿಗೆ ಬರುತ್ತಿತ್ತು, ಸಾಹೇಬರನ್ನು ನಡುಗಿಸುವ ಹಿಂದಿ ಬರುತ್ತಿರಲಿಲ್ಲ. ಇಂಥ ಕೆಲಸಕ್ಕೆ ಸಭೆಯವರನ್ನು ಕೇಳುವ ಹಾಗೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಬಂಗಾಲಿ ಟೋಲಾದ ಗಲ್ಲಿಗಳಲ್ಲಿ ಹಸುಗಳಿಗೆ ದಾರಿ ಬಿಡುತ್ತ ಕೇದಾರ ಘಾಟಿನ ಕನ್ನಡ ಮಠಕ್ಕೆ ಹೋದಳು. ಅಲ್ಲಿನ ಗುಮಾಸ್ತ ಶಿವಮೂರ್ತಯ್ಯ ಜಾತಿ ಕೇಳದೆ, ಧರ್ಮ ಕೇಳದೆ ಕಾಶಿಯ ಕನ್ನಡಿಗರಿಗೆಲ್ಲ ಹಿಂದಿ ಅರ್ಜಿ ಬರೆದುಕೊಡುತ್ತಿದ್ದರು.

ಗಂಡನ ಸುದ್ದಿ ಎತ್ತದೆ ಅವಳು ಯೋಗೇಶನ ಮೇಲೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಪೆನ್ನು ತೆಗೆದರು. "ಕೆಳಗ ಯಾರ ಹೆಸರು ಹಾಕ್ಲಿ, ತಾಯಿ?"

"ಹೆಸರು ಬ್ಯಾಡ್ರಿ."

ಪೆನ್ನಿನ ಮುಚ್ಚಳ ಮತ್ತೆ ಕೂತಿತು. "ಹಂಗಾದ್ರ ನಾ ಬರೆಯಾಂಗಿಲ್ಲ. ಎರಡು ವರ್ಷದ ಹಿಂದ ಒಂದು ಬರದು ಕೈ ಸುಟ್ಕೊಂಡೀನಿ. ನಿಮ್ಮ ಕಂಟೋನ್ಮೆಂಟ್ ಕಡಿಯವರ, ಇಂಜಿನಿಯರು. ತಮ್ಮ ಮ್ಯಾಲ ತಾವ ಬರಿಸಿದ್ರು! ಏಣಿ ನೋಡಲಾರದ ಸಹಿ ಹಾಕೀನಿ, ಒಬ್ಬನ ಕಾಲು ಹೋತು ಅಂತ. ಹೆಸರು ಹಾಕಿ ನೀವ ಒಪ್ಪಿಕೊಳ್ರಿ ಅಂದೆ. 'ಅಷ್ಟು ಧೈರ್ಯ ಇಲ್ರಿ ಅಯ್ಯಾರ, ನೌಕರಿ ನಾನ ಕಳಕೊಂಡೆ ಅಂತ ಗೊತ್ತಾದ್ರ ಹೆಂಡ್ತಿ ಮಾರಿ ಹೆಂಗ ನೋಡ್ಲಿ' ಅಂದ್ರು. ತೀರಿಕೊಂಡ್ರಂತ, ಪಾಪ."

"ಸುಳ್ಳು" ಎಂದಳು ವಾಸಂತಿ. ಅಂದ ಮೇಲೆ ನೆನಪಾಯಿತು. ಮೂಗರ್ಜಿಯ ಸುದ್ದಿ ಬರುವ ಎರಡು ದಿನ ಮೊದಲು ಜಯವಂತ ಕೇದಾರ ಘಾಟಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಎಷ್ಟೋ ದಿನಗಳ ನಂತರ ಅವತ್ತು ಅವಳ ಎದುರಿಗೆ ಕೂತು ಹೊಟ್ಟೆ ತುಂಬ ತಿಂದಿದ್ದ. ಏನು ಅಷ್ಟು ಖುಷಿ ಎಂದು ಅವಳು ಕೇಳಿರಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅವಳು ಸತ್ತ ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಸಿಟ್ಟು ಒಂದು ತೊಲವೂ ಕಡಿಮೆಯಾಗಿರಲಿಲ್ಲ, ಇಡಲು ಜಾಗ ಮಾತ್ರ ಇರಲಿಲ್ಲ. ಅವನಾದರೂ ಕಬ್ಬಿಣದ ಏಣಿಗೆ ನೋಡದೆ ಸಹಿ ಹಾಕಿದ್ದ. ತಾನು ಹಾಕಿದ್ದು ಒಂದು ಹುಡುಗಿಯ ಬಾಳಿಗೆ.

ಮರುದಿನ, ತಿಂಗಳ ಮೊದಲ ಭಾನುವಾರದ ಪ್ರಾರ್ಥನೆಯಲ್ಲಿ ಯೋಗೇಶನಿಗಿಂತ ಮೊದಲು ಅವಳೇ ಎದ್ದಳು. ಎಲ್ಲರೂ ಬೆರಗಾಗಿ ನೋಡಿದರು. ಮಂಜಪ್ಪನವರ ಮುಖ ಅರಳಿತು.

"ಯೋಗಣ್ಣಾ, ಆ ಕಾಗದ ನೀ ಬರದಿ ಅಂತ ತಿಳಕೊಂಡಿದ್ದೆ. ಬರಿಸಿದವರು ನಮ್ಮ ಮನಿಯವರ. ಮಾಲವಿಕಾನ ಸಂಬಂಧ ಮುರಿಸಿದಾಕಿ ನಾನು" ಎಂದು ಕೈ ಚಾಚಿದಳು.

ಹಿಂದಿನ ಸಾಲಿನಲ್ಲಿ ಮಾಲವಿಕಾ ತಲೆ ತಗ್ಗಿಸಿದಳು. ಎರಡು ವರ್ಷ ತಿಂಗಳು ತಪ್ಪದೆ ಮುಂದೆ ಬಂದಿದ್ದ ಯೋಗೇಶನ ಕೈ ಪ್ಯಾಂಟಿನ ಜೇಬಿಗೆ ಹೋಯಿತು.

"ಒಂದು ಮಾತು ನನ್ನ ಕೇಳಬೇಕಿತ್ತಲ್ಲ, ವೈನಿ" ಎಂದು ಅವನು ಗೋಡೆ ನೋಡತೊಡಗಿದ.

ರೊಟ್ಟಿಯ ತಟ್ಟೆ ಬಂತು. ಇಬ್ಬರನ್ನೂ ದಾಟಿ ಮುಂದೆ ಹೋಯಿತು. ಗೋಡೆಯನ್ನು ಹಾಗೆ ನೋಡುವವನ ಹೊಟ್ಟೆಯಲ್ಲಿ ಎಂಥ ಉರಿ ಇರುತ್ತದೆ, ಅದು ಪಾಯಸಕ್ಕೆ ಆರುವುದಿಲ್ಲ ಎನ್ನುವುದು ಆ ಕೋಣೆಯಲ್ಲಿ ವಾಸಂತಿಯೊಬ್ಬಳಿಗೇ ಗೊತ್ತಿತ್ತು. ಇನ್ನು ತಿಂಗಳ ಮೊದಲ ಭಾನುವಾರ ಕೈ ಚಾಚಿ ನಿಲ್ಲುವ ಸರದಿ ಅವಳದು.