ನಿಂತು ಹೆಚ್ಚುವ ಹಲಗೆ

ಮುದಕಪ್ಪ ಉಳಿಯನ್ನು ಇನ್ನೊಂದು ಕೂದಲೆಳೆಯಷ್ಟು ಒತ್ತಿದ. ಲೇಥಿನ ಮೇಲೆ ಗರಗರ ತಿರುಗುತ್ತಿದ್ದ ಹುಣಸೆ ಹಲಗೆಯಿಂದ ಕಂದು ಸಿಪ್ಪೆ ಸುರುಳಿಯಾಗಿ ಎದ್ದು ಅವನ ಮೀಸೆಯ ಮೇಲೇ ಕುಳಿತಿತು. ಬೆಟಗೇರಿಯ ಈ ಅಂಗಡಿಯಲ್ಲಿ ಮಂಚದ ಕಾಲು, ತೊಟ್ಟಿಲ ಗುಂಡು, ಲಟ್ಟಣಿಗೆ ಎಷ್ಟು ತಿರುವಿದ್ದನೋ ಅವನಿಗೇ ಗೊತ್ತಿಲ್ಲ. ತರಕಾರಿ ಹೆಚ್ಚುವ ಹಲಗೆ ಮಾತ್ರ ಇದೇ ಮೊದಲು. ಅದೂ ಹೆಂಡತಿಗೆ.

ಮೊಣಕಾಲಿನ ಆಪರೇಷನ್ ಆದಮೇಲೆ ಸುಮಿತ್ರವ್ವ ನೆಲಕ್ಕೆ ಕೂಡ್ರಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ನೆಲಕ್ಕೆ ಕೂತು ಕಾಲಲ್ಲಿ ಮಣೆ ಮೆಟ್ಟದಿದ್ದರೆ ಈಳಿಗೆಯ ಕೆಲಸ ಹೇಗೆ ನಡೆದೀತು? "ನೀವು ಆರಾಮ ಕುಂಡ್ರಿ ಅತ್ತಿ, ನಾ ಹೆಚ್ಚತೀನಿ" ಎಂದು ಸೊಸೆ ಶಿವರಂಜನಿ ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅತ್ತೆಯ ಕಿವಿಗೆ ಅದು, ಅಡಿಗೆಮನೆ ನನಗೆ ಬಿಟ್ಟು ಹೊರಗೆ ನಡೆ ಎಂದಂತೆ ಕೇಳಿತು. ಅಂದಿನಿಂದ ಪಡಸಾಲೆಯ ಕುರ್ಚಿ ಹಿಡಿದಿದ್ದಳು. ಊಟಕ್ಕೂ ಮುನಿಸು.

"ನೋಡಿಲ್ಲೆ, ಕನ್ನಡಿ ಹಂಗ ಮಾಡೀನಿ!" ಮುದಕಪ್ಪ ಹಲಗೆಯನ್ನು ಅವಳ ತೊಡೆಯ ಮೇಲಿಟ್ಟ.

ಸುಮಿತ್ರವ್ವ ಅದನ್ನು ಮೂಸಿದಳು. "ಯಾವ ಕಟಿಗಿ?"

"ಹುಣಸಿ. ಮೊಮ್ಮಕ್ಕಳ ಕಾಲಕ್ಕೂ ಸವೆಯಂಗಿಲ್ಲ."

"ಮಟನ್ ಅಂಗಡ್ಯಾಗ ಇಟಗೋತಾರಲ್ಲ, ಅದ ದಿಮ್ಮಿ ಹೌದಿಲ್ಲ? ಲಿಂಗ ಕಟ್ಟಿದ ಮನ್ಯಾಗ ತಂದೀರಲ್ರಿ!"

ಮುದಕಪ್ಪ ಬೇವಿನದು ತಿರುವಿದ. ಪಲ್ಯ ಕಹಿಯಾಗುತ್ತದಂತೆ. ಸಾಗವಾನಿಯದು ತಿರುವಿದ. "ಅದು ಬಾಗಲಾ ಮಾಡೂ ಕಟಿಗಿ. ಅದರ ಮ್ಯಾಲ ಉಳ್ಳಾಗಡ್ಡಿ ಕೊಯ್ದ್ರ ಲಕ್ಷ್ಮಿ ಒಳಗ ಬರತಾಳೇನು?"

"ಕಾಕಾ, ಇನ್ನ ಗಂಧದ ಕಟಿಗಿ ಅಷ್ಟ ಉಳೀತು," ಎಂದ ಪಕ್ಕದ ಅಂಗಡಿಯ ಪಾಲಿಶ್ ಶಫೀಕ. "ಅದನ್ನೂ ತಿರುವಿ ಬಿಡ್ರಿ. ಕಾಕೂ ಒಪ್ಪಿದ್ರ ಪಲ್ಯ, ಒಪ್ಪದಿದ್ರ ಪೊಲೀಸ್ರು."

ಒಂದು ಮಧ್ಯಾಹ್ನ ಮುದಕಪ್ಪ ಊಟಕ್ಕೆ ಜಲ್ದಿ ಬಂದ. ಸೊಸೆ ಸಂತೆಗೆ ಹೋಗಿದ್ದಳು. ಅಡಿಗೆಮನೆಯಲ್ಲಿ ಏನೋ ಸಪ್ಪಳ. ಇಣುಕಿದರೆ, ಕಟ್ಟೆಯ ಮೇಲೆ ಅದೇ ಹುಣಸೆ ಹಲಗೆ. ಮುಂದೆ ನಿಂತ ಸುಮಿತ್ರವ್ವ. ಎಡಮುಷ್ಟಿಯಲ್ಲಿ ಚಾಕುವನ್ನು ಕಂಬದಂತೆ ನೆಟ್ಟಗೆ ಹಿಡಿದು, ಬಲಗೈಯಿಂದ ಬದನೆಕಾಯಿಯನ್ನು ಅದರ ಅಲಗಿಗೆ ದೂಡುತ್ತಿದ್ದಳು! ಹಲಗೆ ಜಾರಿತು, ಬದನೆಕಾಯಿ ಹಾರಿ ಸಿಲಿಂಡರಿನ ಹಿಂದೆ ಉರುಳಿತು.

"ನಿನ್ನ ಬಾಯಾಗ ಮಣ್ಣ ಹಾಕಲಿ," ಎಂದು ಬದನೆಕಾಯಿಗೆ ಬೈದು ತಿರುಗಿದರೆ, ಗಂಡ.

"ಏನ ನೋಡ್ತೀರಿ? ಚಾಕು ಅಂದ್ರ ಮ್ಯಾಲಿಂದ ಇಳಸಬೇಕಂತ. ನಾ ಜಲ್ಮಾಪೂರ್ತಿ ಈಳಗಿಗೆ ಕಾಯಿನ ದೂಡೇನಿ. ಈ ಕೈನ ಈಗ ಹೊಸದಾಗಿ ಸಾಲಿಗೆ ಹಚ್ಚಲೇನು?"

ಉಳ್ಳಾಗಡ್ಡಿ ಇನ್ನೂ ಬುಟ್ಟಿಯಲ್ಲೇ ಇತ್ತು. ಅವಳ ಕಣ್ಣುಗಳು ಮಾತ್ರ ಒದ್ದೆಯಾಗಿದ್ದವು.

ಮುದಕಪ್ಪ ಹಲಗೆಯನ್ನು ಒಂದು ಬಗಲಿಗೆ, ಮೂಲೆಯಲ್ಲಿದ್ದ ಈಳಿಗೆಯನ್ನು ಇನ್ನೊಂದು ಬಗಲಿಗೆ ಇಟ್ಟುಕೊಂಡು ಅಂಗಡಿಗೆ ನಡೆದ. ಊಟ ಹಾಗೇ ಉಳಿಯಿತು. ಹಳೆಯ ಮಣೆಯಿಂದ ಅಲಗು ಕಿತ್ತ. ಕನ್ನಡಿಯಂಥ ಹಲಗೆಗೆ ಉಳಿ ಇಟ್ಟು ಸುತ್ತಿಗೆ ಎತ್ತುವಾಗ ಕಣ್ಣು ಮುಚ್ಚಿಕೊಂಡ.

"ಅರೆ ಕಾಕಾ! ಚಂದ್ರಗ ತೂತು ಹೊಡಿಯಾಕತ್ತೀರಲ್ಲ!" ಶಫೀಕ ಬ್ರಷ್ ಹಿಡಿದೇ ಓಡಿ ಬಂದ.

"ಮುಕಳಿ ಮುಚಗೊಂಡು ಹಿಡೀಲೇ, ಅಳ್ಳಾಡಿಸಬ್ಯಾಡ."

ಅಲಗನ್ನು ಸೀಳಿಗೆ ಬಿಗಿದು, ಕೆಳಗೊಂದು ಪಟ್ಟಿ ಜಡಿದ. ಎಷ್ಟು ದೂಡಿದರೂ ಆ ಪಟ್ಟಿ ಕಟ್ಟೆಯ ಅಂಚನ್ನು ಕಚ್ಚಿ ಹಿಡಿಯಬೇಕು, ಹಾಗೆ.

ಮನೆಯಲ್ಲಿ ಸುಮಿತ್ರವ್ವ ನಿಂತೇ ಒಂದು ಸಲ ದೂಡಿ ನೋಡಿದಳು. ಹಲಗೆ ಅಲುಗಲಿಲ್ಲ.

"ಹುಣಸಿ ನಡೀತೈತೇನು?" ಎಂದ ಮುದಕಪ್ಪ.

"ಇರ್ಲಿ ಬಿಡ್ರಿ. ಗಿಡದ್ದೇನು ತಪ್ಪ?"

ಸಂತೆಯಿಂದ ಬಂದ ಶಿವರಂಜನಿ ಚೀಲ ಇಳಿಸಿ ಬದನೆಕಾಯಿಗೆ ಕೈ ಹಾಕಿದಳು.

"ತೊಳದ ಕೊಡವಾ," ಎಂದಳು ಅತ್ತೆ. "ಹೆಚ್ಚೂದು ನಂದು."

ಅಷ್ಟರಲ್ಲಿ ಹಿತ್ತಲ ಕಿಟಕಿಗೆ ನೆರೆಮನೆಯ ಅಲ್ಮಾಸಬಿ ಬಂದು ಏನೋ ಖಬರ ತೆಗೆದಳು. ಸುಮಿತ್ರವ್ವ ಕತ್ತು ಅತ್ತ ಹೊರಳಿಸಿ "ಖರೇನ? ಯಾವಾಗ?" ಎಂದು ಶುರು ಮಾಡಿದವಳು ಮತ್ತೆ ಇತ್ತ ನೋಡಲೇ ಇಲ್ಲ. ನಾಲ್ಕು ಸೀಳಾಗಿಯೂ ತೊಟ್ಟು ಬಿಡದ ಬದನೆಕಾಯಿಗಳು ಒಂದೊಂದಾಗಿ ನೀರಿನ ಬೋಗುಣಿಗೆ ಬೀಳುತ್ತಿದ್ದವು.